ಕೆರೆಯಲ್ಲಿ ಬಸವನ ಹುಳ ಜಾಸ್ತಿಯಾದರೆ ನೀರು ಒಳ್ಳೆಯದು ಅಂತಲೇ?

ಈ ಪ್ರಶ್ನೆ ನನ್ನದಲ್ಲ, ನಮ್ಮ ದೊಡ್ಡಮ್ಮನದು. ಕೋಲಾರ ತಾಲ್ಲೂಕಿನ ನಮ್ಮೂರಿನಲ್ಲಿ ಅವರು ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಹೋದ ಸಲ ಊರಿಗೆ ಹೋದಾಗ ನನ್ನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ ಕೇಳಿದರು. "ನೋಡು, ಅಂಚಲ್ಲಿ ಎಲ್ಲಿ ಕಾಲಿಟ್ಟರೂ ನತ್ತ. ನೀರು ಚೆನ್ನಾಗಿರೋದಕ್ಕೇ ಅಲ್ವಾ ಇಷ್ಟೊಂದು ಬಂದಿರೋದು? ಕೆಟ್ಟ ನೀರಲ್ಲಿ ಜೀವ ನಿಲ್ಲುತ್ತಾ?"

ನಮ್ಮ ಕಡೆ ತೆಲುಗು, ಕನ್ನಡ ಎರಡೂ ಬೆರೆತ ಮನೆಗಳಲ್ಲಿ ಬಸವನ ಹುಳಕ್ಕೆ ನತ್ತ ಅಂತಲೇ ಹೇಳುತ್ತಾರೆ. ನಾನು ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಲ್ಲಿ ಒಬ್ಬ. ಲ್ಯಾಬಿನಲ್ಲಿ ಪೈಲಾ ಅನ್ನುವ ದೊಡ್ಡ ಬಸವನ ಹುಳವನ್ನು ಸೀಳಿ ಚಿತ್ರ ಬರೆದು ಅಂಕ ಪಡೆದಿದ್ದೇನೆ. ಆದರೂ ದೊಡ್ಡಮ್ಮನ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದೇ ಈ ಬರಹ.

ಪ್ರಶ್ನೆ ಹುಟ್ಟಿದ ಹಿನ್ನೆಲೆ ಗೊತ್ತಿರಬೇಕು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಬಯಲು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಶುರುವಾಯಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಪಂಪ್ ಮಾಡುವ ಯೋಜನೆ ಅದು. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಆಮೇಲೆ ಕೋಡಿಯಿಂದ ಕೋಡಿಗೆ ಹರಿದು ಕೆರೆಗಳು ತುಂಬುತ್ತಾ ಬಂದವು. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ ಅಂತ ಇಂಥದ್ದೇ ಇನ್ನೊಂದು ಯೋಜನೆ ಬಂತು. ಬೋರ್‌ವೆಲ್‌ಗಳಲ್ಲಿ ನೀರು ಕಂಡ ಜನರ ಸಂತೋಷವನ್ನೂ ನೋಡಿದ್ದೇನೆ, ಇದು ಎಂಥ ನೀರೋ ಅನ್ನುವ ಭಯವನ್ನೂ ನೋಡಿದ್ದೇನೆ. ಎರಡೂ ನಿಜವೇ. ಹಾಗಾಗಿ ಕೆರೆ ಅಂಚಿನಲ್ಲಿ ಕಾಣುವ ಪ್ರತಿ ಗುರುತಿನಲ್ಲೂ ಜನ ಉತ್ತರ ಹುಡುಕುತ್ತಾರೆ. ಬಸವನ ಹುಳವೂ ಅಂಥ ಒಂದು ಗುರುತು.

ಮೊದಲನೆಯ ಮಾತು. ಸುಮ್ನೆ "ಬಸವನ ಹುಳ" ಅಂದರೆ ಏನೂ ತಿಳಿಯುವುದಿಲ್ಲ. ಯಾವ ಹುಳ ಅಂತ ನೋಡಬೇಕು. ನಮ್ಮ ಕಡೆಯ ಕೆರೆ ಕುಂಟೆಗಳಲ್ಲಿ ಮೂರು ಬಗೆಯನ್ನು ಗುರುತಿಸಲು ಕಲಿತರೆ ಸಾಕು. ಒಂದು, ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಸುತ್ತಿಕೊಂಡಿರುವುದು. ಇದರ ಹೆಸರು ಇಂಡೋಪ್ಲನಾರ್ಬಿಸ್. ಇನ್ನೊಂದು, ತೆಳುವಾದ ಚಿಪ್ಪು, ಕಿವಿಯಂತೆ ಅಗಲವಾಗಿ ತೆರೆದ ಬಾಯಿ. ಇದು ಲಿಮ್ನಿಯಾ. ಮೂರನೆಯದು ಬುಗುರಿಯ ಆಕಾರದ್ದು. ಮುಟ್ಟಿದರೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತದೆ, ಚಿಪ್ಪಿನ ಬಾಯಿಗೆ ಮುಚ್ಚಳ ಇರುತ್ತದೆ. ಇದು ಬೆಲ್ಲಾಮಿಯ.

ಈ ಮುಚ್ಚಳದಲ್ಲೇ ದೊಡ್ಡ ವಿಷಯ ಅಡಗಿದೆ. ಮುಚ್ಚಳದ ಬುಗುರಿ ಹುಳ ಮೀನಿನಂತೆ ಕಿವಿರಿನಿಂದ ಉಸಿರಾಡುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಅದು ನಂಬಿದೆ. ಚಕ್ಕುಲಿ ಹುಳ ಮತ್ತು ಕಿವಿ ಹುಳಕ್ಕೆ ಮುಚ್ಚಳವಿಲ್ಲ, ಅವಕ್ಕೆ ಶ್ವಾಸಕೋಶದಂಥ ಚೀಲವಿದೆ. ಮೇಲಕ್ಕೆ ಬಂದು ಗಾಳಿಯನ್ನೇ ಎಳೆದುಕೊಂಡು ಹೋಗುತ್ತವೆ. ಚಕ್ಕುಲಿ ಹುಳದ ರಕ್ತ ನಮ್ಮದರಂತೆ ಕೆಂಪು, ಕಬ್ಬಿಣದ ಅಂಶದ ಹಿಮೋಗ್ಲೋಬಿನ್ ಅದರಲ್ಲಿದೆ. ಲಿಮ್ನಿಯಾದ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ, ಅದು ತಿಳಿ ನೀಲಿ. ಅಂದರೆ ನೀರಿನಲ್ಲಿ ಆಮ್ಲಜನಕ ಕುಸಿದರೂ ಚಕ್ಕುಲಿ ಹುಳ ನಿಶ್ಚಿಂತೆಯಿಂದ ಇರಬಲ್ಲದು. ಕೊಳೆತ ನೀರಿನಲ್ಲೂ ಬದುಕುವ ಜೀವ ಇದು. ಅದು ಇದೆ ಅನ್ನುವ ಕಾರಣಕ್ಕೆ ನೀರಿಗೆ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ.

ದೊಡ್ಡಮ್ಮ ತೋರಿಸಿದ ಕಡೆ ಬಗ್ಗಿ ನೋಡಿದೆ. ಹತ್ತರಲ್ಲಿ ಏಳೆಂಟು ಚಕ್ಕುಲಿ ಹುಳಗಳೇ. ಮಿಕ್ಕವು ಕಿವಿ ಹುಳ. ಆಗ ನನಗೆ ನೆನಪಾದದ್ದು ನೀರಲ್ಲ, ದೊಡ್ಡಮ್ಮನ ಹಸು. ಹಿಂದಿನ ವರ್ಷ ಅದರ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊದಿತ್ತು. ಹಾಲು ಇಳಿದಿತ್ತು, ಸಗಣಿ ತೆಳ್ಳಗಾಗಿತ್ತು. ಜಂತುಹುಳದ ಔಷಧಿ ಎರಡು ಸಲ ಕುಡಿಸಿದರೂ ಗುಣವಾಗಿರಲಿಲ್ಲ. ಸಗಣಿ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ಅದು ದುಂಡು ಹುಳವಲ್ಲ, ಎಲೆಯಂತೆ ಚಪ್ಪಟೆಯಾದ ಈಲಿ ಹುಳ. ಈಲಿ ಅಂದರೆ ಲಿವರ್. ಚಪ್ಪಟೆ ಹುಳಕ್ಕೆ ಕೊಡುವ ಔಷಧಿಯೇ ಬೇರೆ.

ಈ ಈಲಿ ಹುಳ ನೇರವಾಗಿ ಹಸುವಿನಿಂದ ಹಸುವಿಗೆ ಹೋಗಲಾರದು. ನಡುವೆ ಬಸವನ ಹುಳ ಬೇಕೇ ಬೇಕು. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹಸುವಿನ ಪಿತ್ತನಾಳದಲ್ಲಿ ಕೂತ ಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಸಗಣಿಯ ಜೊತೆ ಹೊರಬೀಳುತ್ತದೆ. ಒಣನೆಲದಲ್ಲಿ ಬಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಕೆರೆ ಅಂಚಿಗೋ ಗದ್ದೆಗೋ ಬಿದ್ದರೆ ಎರಡು ಮೂರು ವಾರಕ್ಕೆ ಒಡೆದು, ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ಈಜಲು ಶುರುಮಾಡುತ್ತದೆ. ಅದಕ್ಕೆ ಬಾಯಿಲ್ಲ, ಏನೂ ತಿನ್ನುವುದಿಲ್ಲ. ಸುಮಾರು ಒಂದು ದಿನದೊಳಗೆ ಸರಿಯಾದ ಬಸವನ ಹುಳ ಸಿಗದಿದ್ದರೆ ಸತ್ತುಹೋಗುತ್ತದೆ. ನಮ್ಮ ದೇಶದ ಈಲಿ ಹುಳಕ್ಕೆ ಬೇಕಾದದ್ದು ಆ ಕಿವಿ ಆಕಾರದ ಲಿಮ್ನಿಯಾ. ಪಕ್ಕದಲ್ಲೇ ಬುಗುರಿ ಹುಳ ಇದ್ದರೂ ಪ್ರಯೋಜನವಿಲ್ಲ. ಬೀಗಕ್ಕೂ ಬೀಗದ ಕೈಗೂ ಇರುವ ಹೊಂದಾಣಿಕೆ ಇದು.

ಸರಿಯಾದ ಹುಳ ಸಿಕ್ಕರೆ ಮರಿ ಅದರ ಮೈ ಕೊರೆದು ಒಳಗೆ ಹೋಗುತ್ತದೆ. ಅಲ್ಲಿ ನಡೆಯುವುದು ಬೆಳವಣಿಗೆ ಮಾತ್ರ ಅಲ್ಲ, ನಕಲು ತೆಗೆಯುವ ಕೆಲಸ. ಒಂದು ಮರಿ ಚೀಲವಾಗುತ್ತದೆ, ಚೀಲದೊಳಗೆ ಹೊಸ ಮರಿಗಳು, ಅವುಗಳ ಒಳಗೆ ಮತ್ತೆ ಮರಿಗಳು. ಕೆಲವು ವಾರಗಳಲ್ಲಿ, ಒಳಹೊಕ್ಕ ಒಂದರಿಂದ ಬಾಲವಿರುವ ನೂರಾರು ಮರಿಗಳು ಹೊರಗೆ ಬರುತ್ತವೆ. ಈಜಿಕೊಂಡು ಹೋಗಿ ಹುಲ್ಲಿನ ಎಸಳಿಗೆ ಅಂಟಿಕೊಂಡು, ಬಾಲ ಕಳಚಿ, ಗಟ್ಟಿ ಕವಚ ಕಟ್ಟಿಕೊಂಡು ಕಾಯುತ್ತವೆ. ಹಸು ಆ ಹುಲ್ಲು ಮೇಯುತ್ತದೆ. ಮರಿ ಕರುಳು ತೂರಿ, ಈಲಿ ಕೊರೆದು, ಸುಮಾರು ಮೂರು ತಿಂಗಳಿಗೆ ಮೊಟ್ಟೆ ಇಡುವ ಹುಳವಾಗುತ್ತದೆ.

ಇಷ್ಟು ಸುತ್ತು ಹಾಕುವ ಬದುಕನ್ನು ಮನುಷ್ಯ ಹೇಗೆ ಕಂಡುಹಿಡಿದ? ಒಂದು ದೊಡ್ಡ ನಷ್ಟದಿಂದ. 1879-80ರ ಚಳಿಗಾಲದಲ್ಲಿ, ಮಳೆ ಹೆಚ್ಚಾದ ಇಂಗ್ಲೆಂಡಿನಲ್ಲಿ ಈಲಿ ಹುಳದಿಂದ ಸುಮಾರು 30 ಲಕ್ಷ ಕುರಿಗಳು ಸತ್ತವು. ಕಾರಣ ಹುಡುಕುವ ಕೆಲಸ ಆಕ್ಸ್‌ಫರ್ಡಿನ ತರುಣ ಆಲ್ಜರ್ನಾನ್ ಥಾಮಸ್ ಪಾಲಿಗೆ ಬಂತು. ಅದೇ ಹೊತ್ತಿಗೆ ಜರ್ಮನಿಯ ಲೈಪ್ಜಿಗ್‌ನಲ್ಲಿ ರುಡಾಲ್ಫ್ ಲ್ಯುಕಾರ್ಟ್ ಕೂಡ ಇದನ್ನೇ ಹುಡುಕುತ್ತಿದ್ದರು. ಒಂದೊಂದು ಜಾತಿಯ ಬಸವನ ಹುಳವನ್ನೂ ತಂದು ಈ ಮರಿಗಳ ಜೊತೆ ಇಟ್ಟು, ಯಾವುದರೊಳಗೆ ಬೆಳೆಯುತ್ತದೆ ಅಂತ ನೋಡಬೇಕಿತ್ತು. 1883ರ ಹೊತ್ತಿಗೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಅಲ್ಲಿಯ ಕುರಿಗಳ ಹುಳ ಬೆಳೆಯುತ್ತಿದ್ದದ್ದೂ ಲಿಮ್ನಿಯಾ ಕುಟುಂಬದ ಒಂದು ಪುಟ್ಟ ಬಸವನ ಹುಳದಲ್ಲೇ. ಈ ಬಗೆಯ ಪರಾವಲಂಬಿಯೊಂದರ ಪೂರ್ತಿ ಸುತ್ತು ಮನುಷ್ಯನಿಗೆ ಗೊತ್ತಾದದ್ದು ಅದೇ ಮೊದಲು. ಜಪಾನಿನಲ್ಲಿ 1913ರಲ್ಲಿ, ಈಜಿಪ್ಟಿನಲ್ಲಿ 1915ರಲ್ಲಿ ಮನುಷ್ಯರ ರಕ್ತನಾಳದ ಹುಳಕ್ಕೂ ಬಸವನ ಹುಳವೇ ನಡುವಿನ ಮನೆ ಅಂತ ಸಾಬೀತಾಯಿತು.

ಆ ಪರೀಕ್ಷೆಯ ಮೂಲ ವಿಧಾನ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬಸವನ ಹುಳಗಳನ್ನು ತಂದು ಒಂದೊಂದನ್ನೂ ಒಂದೊಂದು ಗಾಜಿನ ಲೋಟದ ಸ್ವಚ್ಛ ನೀರಿನಲ್ಲಿ ಇಡುತ್ತಾರೆ. ಮೇಲಿಂದ ಬೆಳಕು ಬಿಡುತ್ತಾರೆ. ಒಳಗೆ ಪರಾವಲಂಬಿ ಇದ್ದರೆ, ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಬಿಳಿ ಧೂಳಿನಂತೆ ಮರಿಗಳು ಕುಣಿಯುತ್ತವೆ. ಬಾಲದ ಆಕಾರ ನೋಡಿ ಯಾವ ಬಗೆಯದು ಅಂತ ಸೂಕ್ಷ್ಮದರ್ಶಕದಲ್ಲಿ ಗುರುತಿಸುತ್ತಾರೆ. ಈಗ ಬಸವನ ಹುಳದ ತುಣುಕಿನಿಂದ ಡಿಎನ್ಎ ತೆಗೆದು ಪಿಸಿಆರ್ ಮಾಡುವುದೂ ಇದೆ. ಆದರೂ ಆ ಲೋಟ ಮತ್ತು ಬೆಳಕಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಕಾಣದ ರೋಗ ಕಣ್ಣೆದುರೇ ಈಜುತ್ತದೆ. ಮನೆಯಲ್ಲಿ ಮಾತ್ರ ಬರಿಗೈಯಲ್ಲಿ ಮಾಡಬೇಡಿ. ಕೆಲವು ಮರಿಗಳು ಚರ್ಮ ಕೊರೆಯುತ್ತವೆ.

ಆ ಚರ್ಮ ಕೊರೆಯುವ ಬಗೆ ನಮ್ಮ ಕಡೆಗೂ ಸಂಬಂಧಿಸಿದ್ದು. ಚಕ್ಕುಲಿ ಹುಳದಲ್ಲಿ ಬೆಳೆಯುವ ಒಂದು ಪರಾವಲಂಬಿ, ನೀರಿಗಿಳಿದ ದನದ ಚರ್ಮ ತೂರಿ ಮೈ ಸೇರಿ, ಕೊನೆಗೆ ಮೂಗಿನ ರಕ್ತನಾಳಗಳಲ್ಲಿ ಮನೆ ಮಾಡುತ್ತದೆ. ಮೂಗಿನೊಳಗೆ ಹೂಕೋಸಿನಂಥ ಗಂಟುಗಳೇಳುತ್ತವೆ. ಸಿಂಬಳ, ಕೆಲವೊಮ್ಮೆ ರಕ್ತ ಸುರಿಯುತ್ತದೆ. ಹಸು ನಿಂತಲ್ಲೇ ಗೊರಗೊರ ಅನ್ನುತ್ತದೆ. ಅದಕ್ಕೇ ಇದು ಗೊರಕೆ ರೋಗ. ಎಮ್ಮೆಯಲ್ಲಿ ಇಷ್ಟು ಜೋರಾಗಿ ಕಾಣುವುದಿಲ್ಲ, ಆದರೆ ಅದರ ಸಿಂಬಳದಿಂದಲೂ ಮೊಟ್ಟೆ ನೀರಿಗೆ ಬೀಳುತ್ತದೆ. ಈ ಹುಳವನ್ನು 1930ರ ದಶಕದಲ್ಲಿ ಮೊದಲು ವಿವರಿಸಿ ಹೆಸರಿಟ್ಟವರು ಮದ್ರಾಸಿನಲ್ಲಿದ್ದ ಪಶುವೈದ್ಯ ವಿಜ್ಞಾನಿ ಅನಂತನಾರಾಯಣ ರಾವ್. ನಾಟಿ ಮಾಡಲು ಗದ್ದೆಗಿಳಿದವರ ಕಾಲಿಗೆ ಬರುವ ತುರಿಕೆ, ಕೆಂಪು ಗುಳ್ಳೆಗಳ ಹಿಂದೆಯೂ ಹಲವು ಸಲ ಇಂಥ ದನ ಅಥವಾ ಹಕ್ಕಿಯ ಪರಾವಲಂಬಿ ಮರಿಗಳಿರುತ್ತವೆ. ದಾರಿ ತಪ್ಪಿ ನಮ್ಮ ಚರ್ಮದೊಳಗೆ ಬಂದು ಅಲ್ಲೇ ಸಾಯುತ್ತವೆ, ನಮಗೆ ತುರಿಕೆ ಉಳಿಯುತ್ತದೆ.

ಇಂಥ ರಕ್ತನಾಳದ ಹುಳಗಳಲ್ಲಿ ಮನುಷ್ಯರಲ್ಲೇ ನೆಲೆಸುವ ಬಗೆ ಆಫ್ರಿಕಾದಲ್ಲಿ ಬಹಳ ದೊಡ್ಡ ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಇದರ ತಡೆ ಔಷಧಿ ಬೇಕಿತ್ತು. ನಮ್ಮಲ್ಲಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಗಿಮ್ವಿ ಅನ್ನುವ ಹಳ್ಳಿಯಲ್ಲಿ 1952ರಲ್ಲಿ ವರದಿಯಾಗಿತ್ತು. ಅದು ಬಿಟ್ಟರೆ ಭಾರತದಲ್ಲಿ ಇದು ಜನರನ್ನು ಕಾಡುವ ರೋಗವಲ್ಲ. ಕೋಲಾರದವರು ಇದಕ್ಕೆ ಹೆದರಬೇಕಿಲ್ಲ.

ಆದರೆ ಆಫ್ರಿಕಾದ ಒಂದು ಕಥೆ ನಾವು ಕೇಳಲೇಬೇಕು, ಯಾಕೆಂದರೆ ಅದು ಒಣನೆಲಕ್ಕೆ ನೀರು ಬಂದ ಕಥೆ. ಸೆನೆಗಲ್ ನದಿಗೆ ಡಯಾಮಾ ಅಣೆಕಟ್ಟು ಕಟ್ಟಿ ಮುಗಿಸಿದ್ದು 1986ರಲ್ಲಿ. ಸಮುದ್ರದ ಉಪ್ಪು ನೀರು ಒಳಗೆ ಬರುವುದು ನಿಂತಿತು, ನೀರಾವರಿ ಹೆಚ್ಚಿತು, ವರ್ಷವಿಡೀ ಸಿಹಿನೀರು ನಿಂತಿತು. 1988ಕ್ಕೇ ರಿಚರ್ಡ್ ಟೋಲ್ ಅನ್ನುವ ಊರಿನಲ್ಲಿ, ಈ ರಕ್ತನಾಳದ ಹುಳದಿಂದ ಬರುವ, ಅಲ್ಲಿ ಹಿಂದೆ ಇಲ್ಲದಿದ್ದ ಕರುಳಿನ ಬಗೆಯ ರೋಗ ಕಾಣಿಸಿಕೊಂಡು ಬೇಗ ಹರಡಿತು. ಬಸವನ ಹುಳಕ್ಕೆ ಒಳ್ಳೆ ನೆಲೆ ಸಿಕ್ಕಿತ್ತು. ಜೊತೆಗೆ ಅದನ್ನು ತಿನ್ನುತ್ತಿದ್ದ ಸಿಹಿನೀರಿನ ಸೀಗಡಿಗಳ ಓಡಾಟಕ್ಕೆ ಅಣೆಕಟ್ಟು ಅಡ್ಡವಾಗಿತ್ತು. ಆಮೇಲೆ ವಿಜ್ಞಾನಿಗಳು ಅಲ್ಲಿ ಸೀಗಡಿ ಬಿಟ್ಟು ನೋಡಿದರು, ರೋಗ ಮರುಕಳಿಸುವುದು ಕಡಿಮೆಯಾಯಿತು. 2023ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಜನ ನೀರಿಗಿಳಿಯುವ ಜಾಗದ ಪಾಚಿಗಿಡಗಳನ್ನು ಕಿತ್ತು ತೆಗೆದ ಹಳ್ಳಿಗಳಲ್ಲಿ ಮಕ್ಕಳಿಗೆ ರೋಗ ತಗಲುವುದು ಇಳಿದಿತ್ತು. ಕಿತ್ತ ಗಿಡ ಗೊಬ್ಬರಕ್ಕೂ ಮೇವಿಗೂ ಆಯಿತು. ಯಾವ ವಿಷವನ್ನೂ ಸುರಿಯದೆ ಇಷ್ಟು ಸಾಧ್ಯವಾಯಿತು ಅನ್ನುವುದು ನನಗೆ ದೊಡ್ಡ ಭರವಸೆಯಾಗಿ ಕಾಣುತ್ತದೆ.

ವಿಷದ ಮಾತು ಬಂತು. ಬಸವನ ಹುಳದ ಇನ್ನೊಂದು ಕೆಲಸ ಅಲ್ಲೇ ಇದೆ.

ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೆ ಮೈಲುತುತ್ತ ಗೊತ್ತು. ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುತ್ತಾರೆ. ಮೈಲುತುತ್ತ ಅಂದರೆ ತಾಮ್ರದ ಉಪ್ಪು. ಬಸವನ ಹುಳಗಳು ತಾಮ್ರಕ್ಕೆ ತುಂಬಾ ಸೂಕ್ಷ್ಮ. ಲಿಮ್ನಿಯಾದ ರಕ್ತಕ್ಕೇ ತಾಮ್ರ ಬೇಕು, ಆದರೆ ನೀರಿನಲ್ಲಿ ಸ್ವಲ್ಪ ಹೆಚ್ಚಾದರೆ ಅದೇ ಕೊಲ್ಲುತ್ತದೆ. ಹಿಂದೆ ಬಸವನ ಹುಳ ಸಾಯಿಸಲು ಕೆರೆಗೆ ಮೈಲುತುತ್ತವನ್ನೇ ಹಾಕುತ್ತಿದ್ದ ದೇಶಗಳಿದ್ದವು. ಈಗ ನಿಕ್ಲೋಸಮೈಡ್ ಅನ್ನುವ ಔಷಧಿ ಬಳಸುತ್ತಾರೆ, ಅದು ಮೀನನ್ನೂ ಕೊಲ್ಲುತ್ತದೆ.

ಈ ಸೂಕ್ಷ್ಮತೆಯನ್ನೇ ಅಳತೆಗೋಲು ಮಾಡಿಕೊಂಡರೆ ಅದು ವಿಷಪರೀಕ್ಷೆ. ಸರಳ ಬಗೆ ಹೀಗಿದೆ. ಐದಾರು ಪಾತ್ರೆಗಳು. ಒಂದರಲ್ಲಿ ಬರೀ ಶುದ್ಧ ನೀರು. ಮಿಕ್ಕವುಗಳಲ್ಲಿ ಪರೀಕ್ಷಿಸಬೇಕಾದ ವಸ್ತು, ಒಂದಕ್ಕಿಂತ ಒಂದರಲ್ಲಿ ಜಾಸ್ತಿ. ಎಲ್ಲದರಲ್ಲೂ ಒಂದೇ ವಯಸ್ಸಿನ ಹುಳಗಳು. 96 ಗಂಟೆಯಲ್ಲಿ ಯಾವ ಪ್ರಮಾಣಕ್ಕೆ ಅರ್ಧದಷ್ಟು ಹುಳ ಸಾಯುತ್ತವೆ ಅಂತ ಲೆಕ್ಕ ಹಾಕುತ್ತಾರೆ. ಆದರೆ ಸಾವನ್ನು ಮಾತ್ರ ಎಣಿಸಿದರೆ ಸಾಲದು ಅಂತ ಬೇಗ ಗೊತ್ತಾಯಿತು. ಸಾಯದೆ ಇರುವುದು ಬೇರೆ, ಚೆನ್ನಾಗಿರುವುದು ಬೇರೆ.

ಇದನ್ನು ಎಲ್ಲರಿಗೂ ಮನಗಾಣಿಸಿದ್ದು ಸಮುದ್ರದ ಒಂದು ಬಸವನ ಹುಳ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲಿ ಅಂತ ಟ್ರೈಬ್ಯುಟೈಲ್ ಟಿನ್ ಅನ್ನುವ ತವರದ ರಾಸಾಯನಿಕವನ್ನು ಬಣ್ಣದಲ್ಲಿ ಬೆರೆಸುತ್ತಿದ್ದರು. 1970ರ ದಶಕದಿಂದ ಬಂದರುಗಳ ಬಳಿ ಹೆಣ್ಣು ಬಸವನ ಹುಳಗಳಿಗೆ ಗಂಡಿನ ಅಂಗ ಬೆಳೆದದ್ದು ಕಂಡಿತು. ಮೊಟ್ಟೆ ಇಡಲಾಗದೆ ಅವುಗಳ ಸಂತಾನವೇ ಕುಗ್ಗಿತು. ಲೀಟರಿಗೆ ಒಂದು ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು, ಅಷ್ಟಕ್ಕೇ ಈ ಬದಲಾವಣೆ ಶುರುವಾಗುತ್ತಿತ್ತು. 2001ರಲ್ಲಿ ಒಪ್ಪಂದವಾಗಿ, 2008ರಲ್ಲಿ ಜಗತ್ತಿನಾದ್ಯಂತ ಹಡಗುಗಳಿಗೆ ಈ ಬಣ್ಣ ನಿಷೇಧವಾಯಿತು.

ಹಾಗಾಗಿ ಈಗ ಮೊಟ್ಟೆ ಎಣಿಸುತ್ತಾರೆ. 2016ರಲ್ಲಿ ಒಇಸಿಡಿ ಅನ್ನುವ ದೇಶಗಳ ಒಕ್ಕೂಟ ಸಿಹಿನೀರಿನ ಬಸವನ ಹುಳಗಳಿಗೆ ಎರಡು ಪರೀಕ್ಷಾ ವಿಧಾನಗಳನ್ನು ಒಪ್ಪಿತು. ಒಂದರಲ್ಲಿ ನಮ್ಮ ಕಿವಿ ಹುಳದ ದೊಡ್ಡ ಯುರೋಪಿಯನ್ ಸಂಬಂಧಿ, ಇನ್ನೊಂದರಲ್ಲಿ ನ್ಯೂಜಿಲೆಂಡ್ ಮೂಲದ, ಗಂಡಿಲ್ಲದೆಯೇ ಮರಿ ಮಾಡುವ ಪುಟ್ಟ ಹುಳ. ಎರಡೂ 28 ದಿನದ ಪರೀಕ್ಷೆ. ಲಿಮ್ನಿಯಾ ತನ್ನ ಮೊಟ್ಟೆಗಳನ್ನು ಸಬ್ಬಕ್ಕಿ ಪಾಯಸದಂಥ ಪಾರದರ್ಶಕ ಲೋಳೆಯಲ್ಲಿ ಗಾಜಿಗೆ ಅಂಟಿಸುತ್ತದೆ. ಎಣಿಸುವುದು ಸುಲಭ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಯೊಳಗಿನ ಮರಿಯ ಎದೆ ಬಡಿಯುವುದೂ ಕಾಣುತ್ತದೆ. ವಿಷ ತಾಗಿದರೆ ಬಡಿತ ನಿಧಾನವಾಗುತ್ತದೆ, ಮರಿ ಸೊಟ್ಟಗಾಗುತ್ತದೆ, ಇಲ್ಲವೇ ಒಡೆಯುವುದೇ ಇಲ್ಲ.

ಈಗ ಎರಡು ಕಥೆ ಸೇರುವ ಜಾಗಕ್ಕೆ ಬಂದೆವು. ಪರಾವಲಂಬಿ ಹೊಕ್ಕ ಬಸವನ ಹುಳ ಮೊಟ್ಟೆ ಇಡುವುದನ್ನು ಬಹುತೇಕ ನಿಲ್ಲಿಸಿಬಿಡುತ್ತದೆ. ಮೊಟ್ಟೆಗೆ ಹೋಗಬೇಕಾದ ಆಹಾರವನ್ನೆಲ್ಲ ಒಳಗಿನ ಹುಳ ತನ್ನ ಮರಿಗಳಿಗೆ ತಿರುಗಿಸಿಕೊಳ್ಳುತ್ತದೆ. ಯಾರಾದರೂ ಕೆರೆಯಿಂದ ಹಿಡಿದ ಹುಳವನ್ನೇ ನೇರವಾಗಿ ವಿಷಪರೀಕ್ಷೆಗೆ ಇಟ್ಟರೆ, ಮೊಟ್ಟೆ ಕಡಿಮೆಯಾದದ್ದು ವಿಷದಿಂದಲೋ ಪರಾವಲಂಬಿಯಿಂದಲೋ ಹೇಳಲಾಗದು. ಅದಕ್ಕೇ ಲ್ಯಾಬಿನಲ್ಲಿ ಹಲವು ತಲೆಮಾರು ಸಾಕಿದ, ಪರಾವಲಂಬಿ ಇಲ್ಲದ ಹುಳಗಳೇ ಬೇಕು.

ಕೆರೆಯಲ್ಲಿ ಈ ಗೋಜಲು ಇನ್ನೂ ಹೆಚ್ಚು. ಅಮೆರಿಕದ ವಿಜ್ಞಾನಿಗಳು ದೊಡ್ಡ ತೊಟ್ಟಿಗಳಲ್ಲಿ ಪುಟ್ಟ ಕೆರೆಗಳನ್ನೇ ಕಟ್ಟಿ, ಅವಕ್ಕೆ ಗೊಬ್ಬರ, ಕಳೆನಾಶಕ, ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಹಾಕಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಗೊಬ್ಬರದಿಂದ ಪಾಚಿ ಹೆಚ್ಚಿತು, ಪಾಚಿ ತಿನ್ನುವ ಬಸವನ ಹುಳ ಹೆಚ್ಚಿತು. ಕೀಟನಾಶಕ ಬಸವನ ಹುಳವನ್ನು ಕೊಲ್ಲಲಿಲ್ಲ. ಅದನ್ನು ತಿನ್ನುವ ಸೀಗಡಿಯಂಥ ಜೀವಿಗಳನ್ನೂ ನೀರಿನ ತಿಗಣೆಗಳನ್ನೂ ಕೊಂದಿತು. ಆಗಲೂ ಬಸವನ ಹುಳ ಹೆಚ್ಚಿತು.

ಇದೇ ದೊಡ್ಡಮ್ಮನ ಪ್ರಶ್ನೆಗೆ ಉತ್ತರ. ಹುಳ ಜಾಸ್ತಿಯಾಗಲು ನೀರು ಒಳ್ಳೆಯದಿರಬೇಕಿಲ್ಲ. ವಿಷ ಸೇರಿದ್ದಕ್ಕೂ ಜಾಸ್ತಿಯಾಗಬಹುದು. ಎರಡು ಹಂತದ ಶುದ್ಧೀಕರಣದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ, ಅವು ಪಾಚಿಗೆ ಗೊಬ್ಬರ. ಟೊಮೆಟೊ ತೋಟದಿಂದ ಮಳೆಗೆ ಕೊಚ್ಚಿ ಬರುವ ಔಷಧಿ ಅದರ ಮೇಲೆ. ಮುಂಚೆ ಬೇಸಿಗೆಯಲ್ಲಿ ಕೆರೆ ಒಣಗಿ ಹುಳಗಳ ಸಂಖ್ಯೆ ತಾನೇ ಕುಸಿಯುತ್ತಿತ್ತು. ಚಕ್ಕುಲಿ ಹುಳ ಕೆಸರಿನಲ್ಲಿ ಹೂತು ಸ್ವಲ್ಪ ಕಾಲ ತಡೆದುಕೊಂಡರೂ ಎಲ್ಲ ಉಳಿಯುತ್ತಿರಲಿಲ್ಲ. ವರ್ಷವಿಡೀ ನೀರು ನಿಂತರೆ ಆ ಬಿಡುವೇ ಇಲ್ಲ. ನಮ್ಮ ಕೆರೆಯಲ್ಲಿ ಇವುಗಳಲ್ಲಿ ಯಾವುದು ಎಷ್ಟು ಅಂತ ಏರಿಯ ಮೇಲೆ ನಿಂತು ಹೇಳಲಾಗದು, ಅಳೆದೇ ಹೇಳಬೇಕು. ಕೆರೆಗೆ ಬರುವ ನೀರಿನ ಪರೀಕ್ಷೆಯಲ್ಲಿ ಬಿಒಡಿ (ನೀರಿನಲ್ಲಿರುವ ಕೊಳಕು ಕೊಳೆಯಲು ಬೇಕಾಗುವ ಆಮ್ಲಜನಕದ ಅಳತೆ), ಲೋಹಗಳ ಅಂಕಿಗಳ ಜೊತೆ ಬಸವನ ಹುಳದ 28 ದಿನದ ಪರೀಕ್ಷೆಯನ್ನೂ ಸೇರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಕಿ ನೀರಿನಲ್ಲಿ ಏನಿದೆ ಅಂತ ಹೇಳುತ್ತದೆ. ಅದೆಲ್ಲ ಸೇರಿ ಜೀವಕ್ಕೆ ಏನು ಮಾಡುತ್ತದೆ ಅಂತ ಜೀವವೇ ಹೇಳಬೇಕು.

"ಹಾಗಾದ್ರೆ ಮೈಲುತುತ್ತ ಹಾಕಿ ಸಾಯಿಸೋಣ್ವಾ?" ಅಂತ ದೊಡ್ಡಮ್ಮ ಕೇಳಿದರು. ಬೇಡ ಅಂದೆ. ಮೀನು ಹೋಗುತ್ತದೆ, ತಾಮ್ರ ಕೆಸರಿನಲ್ಲಿ ಉಳಿಯುತ್ತದೆ, ಕೋಡಿ ನೀರಿನ ಜೊತೆ ಬಸವನ ಹುಳ ಮತ್ತೆ ಬರುತ್ತದೆ. ಚಕ್ಕುಲಿ ಹುಳ ಒಂದೇ ಒಂದು ಉಳಿದರೂ ಸಾಕು, ಅದರಲ್ಲೇ ಗಂಡು ಹೆಣ್ಣು ಎರಡೂ ಇದೆ.

ಸುತ್ತನ್ನು ಬೇರೆ ಕಡೆ ಕತ್ತರಿಸುವುದು ಸುಲಭ. ಸಗಣಿ ಕೆರೆ ಅಂಚಿಗೆ ಹೋಗದಂತೆ ತಿಪ್ಪೆಗೆ ಹಾಕಿ ಚೆನ್ನಾಗಿ ಕೊಳೆಸಿದರೆ, ಆ ಬಿಸಿಗೆ ಮೊಟ್ಟೆ ಸಾಯುತ್ತದೆ. ಹಸುವನ್ನು ನೀರಂಚಿನ ಹಸಿ ಹುಲ್ಲಿಗೆ ಬಿಡಬಾರದು. ಅಲ್ಲಿಂದ ಕೊಯ್ದ ಹುಲ್ಲನ್ನು ಬಿಸಿಲಿಗೆ ಪೂರ್ತಿ ಒಣಗಿಸಿ ಹಾಕಬೇಕು. ಕೆರೆಗೆ ಇಳಿಸುವ ಬದಲು ತೊಟ್ಟಿಯಲ್ಲಿ ಬೋರ್‌ವೆಲ್ ನೀರು ಕುಡಿಸಬೇಕು. ಗದ್ದ ಊದಿದರೆ, ಹಾಲು ಇಳಿದರೆ ಮೊದಲು ಪಶು ಆಸ್ಪತ್ರೆಯಲ್ಲಿ ಸಗಣಿ ತೋರಿಸಬೇಕು, ಆಮೇಲೆ ಔಷಧಿ. ದುಂಡು ಹುಳಕ್ಕೆ ಕೊಡುವ ಎಷ್ಟೋ ಔಷಧಿಗಳು ಈಲಿ ಹುಳವನ್ನು ಮುಟ್ಟುವುದಿಲ್ಲ, ಕೆಲವು ಬಲಿತದ್ದನ್ನು ಕೊಂದು ಮರಿಯನ್ನು ಬಿಡುತ್ತವೆ. ಔಷಧಿ ಕುಡಿಸಿದ ಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಅಂತಲೂ ಡಾಕ್ಟರನ್ನು ಕೇಳಿಕೊಳ್ಳಬೇಕು.

ಹೊರಡುವ ದಿನ ದೊಡ್ಡಮ್ಮ ಕೊಟ್ಟಿಗೆ ಪಕ್ಕದ ತೊಟ್ಟಿಯ ಒಳಗೋಡೆಯನ್ನು ಉಜ್ಜುತ್ತಿದ್ದರು. ಕೆರೆಯ ಜೊಂಡಿನ ಜೊತೆ ಬಂದಿತ್ತೋ ಏನೋ, ಮೂಲೆಯಲ್ಲಿ ಲೋಳೆಯ ಒಂದು ಚಿಕ್ಕ ಚುಕ್ಕೆ ಅಂಟಿಕೊಂಡಿತ್ತು. "ಇದೇನಾ ನೀನು ಹೇಳಿದ ಮೊಟ್ಟೆ?" ಅಂತ ಕರೆದು ತೋರಿಸಿದರು. ಅದೇ ಆಗಿತ್ತು.